ದುಬೈ ಎಷ್ಟು ದೂರ? ಎಷ್ಟು ಹೊತ್ತು?

ನಮ್ಮ ಕರಾವಳಿಯಲ್ಲಿ ದುಬೈ ಎಂಬ ಹೆಸರು ಕೇಳದ ಮನೆ ಇಲ್ಲ. ಒಂದು ಮನೆಯಲ್ಲಿ ಮಗ ಅಲ್ಲಿದ್ದಾನೆ. ಇನ್ನೊಂದು ಮನೆಯಲ್ಲಿ ಗಂಡ. ಮತ್ತೊಂದು ಮನೆಯಲ್ಲಿ ಮದುವೆಯಾಗಿ ಹೋದ ಮಗಳು. ಪತ್ರ ಬರುತ್ತಿದ್ದ ಕಾಲ ಹೋಯಿತು. ಈಗ ಮೊಬೈಲಿನಲ್ಲಿ ಮುಖ ನೋಡಿಯೇ ಮಾತಾಡುತ್ತೇವೆ. ಆದರೂ ಒಂದು ಮಾತು ಕೇಳುತ್ತೇವೆ. ದುಬೈ ಎಷ್ಟು ದೂರ ಉಂಟು?

ನಮ್ಮ ರಾತ್ರಿ ತರಗತಿಯಲ್ಲಿ ಇದನ್ನು ಕೇಳಿದೆವು. ಒಬ್ಬರು ‘ನಾಲ್ಕು ಗಂಟೆ ದೂರ’ ಎಂದರು. ಇನ್ನೊಬ್ಬರು ‘ಒಂದು ರಾತ್ರಿ ದೂರ’ ಎಂದರು. ಹಿಂದಿನ ಸಾಲಿನ ಅಕ್ಕ ‘ಎರಡು ವರ್ಷ ದೂರ’ ಎಂದರು. ಅವರ ಗಂಡ ಊರಿಗೆ ಬರುವುದು ಎರಡು ವರ್ಷಕ್ಕೆ ಒಮ್ಮೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಅವರ ಉತ್ತರವನ್ನು ತಪ್ಪು ಎನ್ನಲು ನಮಗೆ ಬಾಯಿ ಬರಲಿಲ್ಲ.

ಇಲ್ಲಿ ನಾವು ಲೆಕ್ಕದ ದೂರವನ್ನು ನೋಡೋಣ. ದೂರ ಬೇರೆ, ಹೊತ್ತು ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ತಿಳಿಯಬೇಕು.

ನೇರ ದೂರ

ಮಂಗಳೂರಿನಿಂದ ದುಬೈಗೆ ಆಕಾಶದಲ್ಲಿ ನೇರವಾಗಿ ಅಳೆದರೆ ಸುಮಾರು 2,450 ಕಿಲೋಮೀಟರ್. ಇದು ಎಷ್ಟು ದೊಡ್ಡದು? ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಅಂಥ ಏಳು ದಾರಿಗಳನ್ನು ಒಂದರ ಹಿಂದೆ ಒಂದು ಇಟ್ಟರೆ ದುಬೈ. ದಿಲ್ಲಿಗೆ ಮಂಗಳೂರಿನಿಂದ ನೇರ ದೂರ ಸುಮಾರು 1,750 ಕಿಲೋಮೀಟರ್. ಅಂದರೆ ನಮ್ಮ ದೇಶದ ರಾಜಧಾನಿಗಿಂತಲೂ ದುಬೈ ದೂರ.

ಸಮುದ್ರದ ಮೇಲೆ ಮೈಲುಗಲ್ಲು ಇಲ್ಲ. ಹಾಗಾದರೆ ಅಳೆದದ್ದು ಹೇಗೆ? ಶಾಲೆಯಲ್ಲಿ ಭೂಮಿಯ ಗೋಳ ಇರುತ್ತದೆ. ಅದನ್ನು ಒಮ್ಮೆ ನೋಡಿ. ಒಂದು ನೂಲು ತೆಗೆದುಕೊಳ್ಳಿ. ಒಂದು ತುದಿಯನ್ನು ಮಂಗಳೂರಿನ ಮೇಲೆ ಇಡಿ. ಇನ್ನೊಂದು ತುದಿಯನ್ನು ದುಬೈ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ನೂಲು ಹೋದ ದಾರಿಯೇ ಹತ್ತಿರದ ದಾರಿ. ಒಂದು ಅಡಿ ಅಗಲದ ಗೋಳವಾದರೆ ಆ ನೂಲು ಮೂರು ಬೆರಳಿನ ಅಗಲದಷ್ಟು ಬರುತ್ತದೆ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಎಂದು ಗೊತ್ತುಂಟು. ಅದರಿಂದ ನೂಲಿನ ಲೆಕ್ಕ ಸಿಗುತ್ತದೆ.

ಗೋಡೆಗೆ ಹಚ್ಚಿದ ನಕ್ಷೆಯಲ್ಲಿ ಹೀಗೆ ಅಳೆದರೆ ಸರಿ ಬರುವುದಿಲ್ಲ. ಕಿತ್ತಳೆ ಸಿಪ್ಪೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ ನೋಡಿ. ಅಲ್ಲಲ್ಲಿ ಹರಿಯುತ್ತದೆ, ಎಳೆಯುತ್ತದೆ. ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆ ಮಾಡಿದಾಗಲೂ ಹಾಗೆಯೇ ಆಗುತ್ತದೆ.

ವಿಮಾನ ಈ ನೂಲಿನ ಮೇಲೆಯೇ ಹೋಗುತ್ತದಾ? ಪೂರ್ತಿ ಇಲ್ಲ. ಆಕಾಶದಲ್ಲೂ ಗೊತ್ತು ಮಾಡಿದ ದಾರಿಗಳಿವೆ. ಇಳಿಯುವಾಗ ಗಾಳಿ ಬರುವ ದಿಕ್ಕು ನೋಡಿ ಸುತ್ತಿ ಬರಬೇಕು. ಆದ್ದರಿಂದ ಹಾರುವ ದೂರ ನೇರ ದೂರಕ್ಕಿಂತ ಸ್ವಲ್ಪ ಹೆಚ್ಚು.

ಹಾರುವ ಹೊತ್ತು

ದೊಡ್ಡ ವಿಮಾನ ಒಂದು ಗಂಟೆಗೆ ಸುಮಾರು 800 ಕಿಲೋಮೀಟರ್ ಹೋಗುತ್ತದೆ. ಒಂದು ನಿಮಿಷಕ್ಕೆ 13 ಕಿಲೋಮೀಟರ್ ಆಯಿತು. ನಾವು ಒಂದು ಎಲೆ ಅಡಿಕೆ ಮಡಚಿ ಬಾಯಿಗೆ ಹಾಕಿ ಅಗಿಯುವಷ್ಟರಲ್ಲಿ ಅದು ಮಂಗಳೂರಿನಿಂದ ಉಡುಪಿಯನ್ನು ದಾಟಿರುತ್ತದೆ.

ಅಷ್ಟು ವೇಗ ಹೇಗೆ? ಎತ್ತರದಿಂದ. ವಿಮಾನ 10 ಕಿಲೋಮೀಟರಿಗಿಂತ ಮೇಲೆ ಹಾರುತ್ತದೆ. ಅಲ್ಲಿ ಗಾಳಿ ತೆಳು. ಗದ್ದೆಯಲ್ಲಿ ಮೊಣಕಾಲು ಕೆಸರಿನಲ್ಲಿ ನಡೆಯುವುದು ಕಷ್ಟ. ಬದುವಿನ ಮೇಲೆ ನಡೆಯುವುದು ಸುಲಭ. ಕೆಳಗಿನ ಗಾಳಿ ವಿಮಾನಕ್ಕೆ ಕೆಸರಿನ ಹಾಗೆ. ಮೇಲಿನ ಗಾಳಿ ಬದುವಿನ ಹಾಗೆ. ಎಣ್ಣೆಯೂ ಉಳಿಯುತ್ತದೆ.

ಈಗ ಭಾಗಿಸಿ ನೋಡಿ. 2,450ನ್ನು 800ರಿಂದ ಭಾಗಿಸಿದರೆ ಮೂರು ಗಂಟೆ, ಅದಕ್ಕಿಂತ ನಾಲ್ಕು ನಿಮಿಷ ಹೆಚ್ಚು. ಆದರೆ ಪ್ರಯಾಣಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಉಳಿದ ಹೊತ್ತು ಎಲ್ಲಿ ಹೋಯಿತು?

ವಿಮಾನ ಬಾಗಿಲು ಮುಚ್ಚಿದ ಕೂಡಲೇ ಹಾರುವುದಿಲ್ಲ. ಮೊದಲು ನೆಲದ ಮೇಲೆ ಬಸ್ಸಿನ ಹಾಗೆ ಮೆಲ್ಲ ಹೋಗಬೇಕು. ಸರದಿ ಕಾಯಬೇಕು. ಹಾರಿದ ಮೇಲೆ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಇಳಿಯುವಾಗಲೂ ಅರ್ಧ ಗಂಟೆ ಮೊದಲೇ ಇಳಿಯಲು ಶುರು ಮಾಡುತ್ತದೆ. ಈ ಹೊತ್ತಿನಲ್ಲಿ ವೇಗ ಕಡಿಮೆ. ಹತ್ತಿರದ ಊರಿಗೆ ಹೋದರೂ ಇದು ತಪ್ಪುವುದಿಲ್ಲ. ಮಂಗಳೂರಿನಿಂದ ಬೆಂಗಳೂರಿಗೆ ಆಕಾಶದಲ್ಲಿ 300 ಕಿಲೋಮೀಟರ್. ಅದಕ್ಕೂ ಒಂದು ಗಂಟೆ ಬೇಕು. ದುಬೈ ಅದರ ಎಂಟು ಪಟ್ಟು ದೂರ. ಆದರೆ ಎಂಟು ಗಂಟೆ ಬೇಡ, ನಾಲ್ಕು ಗಂಟೆ ಸಾಕು. ಏಕೆಂದರೆ ಏರುವುದು ಒಂದೇ ಸಲ, ಇಳಿಯುವುದು ಒಂದೇ ಸಲ.

ಗಾಳಿಯ ಮಾತೂ ಉಂಟು. ದೋಣಿ ನಡೆಸುವವರನ್ನು ಕೇಳಿ. ಹೊಳೆಯ ಸೆಳೆತದ ಜೊತೆ ಹೋದರೆ ಬೇಗ. ಎದುರು ಹೋದರೆ ತಡ. ಚಳಿಗಾಲದಲ್ಲಿ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಆಗ ದುಬೈಗೆ ಹೋಗುವ ವಿಮಾನಕ್ಕೆ ಅದು ಎದುರುಗಾಳಿ. ಊರಿಗೆ ಬರುವ ವಿಮಾನಕ್ಕೆ ಅದು ಬೆನ್ನಿನ ಗಾಳಿ. ಹೋಗುವಾಗ ನಾಲ್ಕು ಗಂಟೆ ಆದದ್ದು ಬರುವಾಗ ಮೂರೂವರೆ ಗಂಟೆ ಆಗಬಹುದು. ಊರಿಗೆ ಬರುವ ಆಸೆಗೆ ವಿಮಾನವೂ ಓಡುತ್ತದೆ ಎಂದು ತರಗತಿಯಲ್ಲಿ ಒಬ್ಬರು ಹೇಳಿದರು. ನಾವು ಗಾಳಿ ಎನ್ನುತ್ತೇವೆ, ಅಷ್ಟೇ.

ಗಡಿಯಾರದ ಗೊಂದಲ

ಇನ್ನು ಟಿಕೆಟನ್ನು ನೋಡೋಣ. ಇಲ್ಲಿಯೇ ಹೆಚ್ಚಿನವರಿಗೆ ತಲೆ ತಿರುಗುವುದು.

ಒಂದು ಟಿಕೆಟಿನಲ್ಲಿ ಹೀಗೆ ಇದೆ ಅಂದುಕೊಳ್ಳಿ. ಮಂಗಳೂರು ಬಿಡುವುದು ರಾತ್ರಿ 8 ಗಂಟೆ. ದುಬೈ ಮುಟ್ಟುವುದು ರಾತ್ರಿ 10:30. ಕಳೆದು ನೋಡಿದರೆ ಎರಡೂವರೆ ಗಂಟೆ. ಆದರೆ ಹಾರುವುದು ನಾಲ್ಕು ಗಂಟೆ! ಬರುವ ಟಿಕೆಟು ನೋಡಿ. ದುಬೈ ಬಿಡುವುದು ರಾತ್ರಿ 11:30. ಮಂಗಳೂರು ಮುಟ್ಟುವುದು ಬೆಳಗಿನ ಜಾವ 4:30. ಇದು ಐದು ಗಂಟೆ ಆಯಿತು. ಆದರೆ ಹಾರುವುದು ಮೂರೂವರೆ ಗಂಟೆ!

ಟಿಕೆಟು ಸುಳ್ಳು ಹೇಳುವುದಿಲ್ಲ. ಬಿಡುವ ಹೊತ್ತನ್ನು ಬಿಡುವ ಊರಿನ ಗಡಿಯಾರದಿಂದ ಬರೆಯುತ್ತಾರೆ. ಮುಟ್ಟುವ ಹೊತ್ತನ್ನು ಮುಟ್ಟುವ ಊರಿನ ಗಡಿಯಾರದಿಂದ ಬರೆಯುತ್ತಾರೆ. ದುಬೈ ಗಡಿಯಾರ ನಮ್ಮ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದೆ. ನಮಗೆ ಬೆಳಿಗ್ಗೆ 6 ಆದಾಗ ಅಲ್ಲಿ 4:30. ಹೋಗುವ ಟಿಕೆಟಿಗೆ ಒಂದೂವರೆ ಗಂಟೆ ಕೂಡಿಸಿ. ಬರುವ ಟಿಕೆಟಿನಲ್ಲಿ ಒಂದೂವರೆ ಗಂಟೆ ಕಳೆಯಿರಿ. ಆಗ ನಿಜವಾಗಿ ಹಾರುವ ಹೊತ್ತು ಸಿಗುತ್ತದೆ.

ಗಡಿಯಾರ ಹಿಂದೆ ಯಾಕೆ? ಸೂರ್ಯ ನಮಗೆ ಮೊದಲು ಮೂಡುತ್ತಾನೆ. ಅವರಿಗೆ ಆಮೇಲೆ. ದುಬೈ ನಮ್ಮಿಂದ ಪಶ್ಚಿಮಕ್ಕೆ ಇದೆಯಲ್ಲ. ಭೂಮಿ ಬೀಸುವ ಕಲ್ಲಿನ ಹಾಗೆ ತಿರುಗುತ್ತಾ ಇರುತ್ತದೆ. ಒಂದು ಸುತ್ತಿಗೆ 24 ಗಂಟೆ.

ಗೋಳದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಗೆರೆಗಳಿರುತ್ತವೆ, ಕಿತ್ತಳೆಯ ತೊಳೆಗಳ ಹಾಗೆ. ಭೂಮಿಯ ಸುತ್ತ ಇಂಥ 360 ಗೆರೆ ಎಂದು ಲೆಕ್ಕ. 24 ಗಂಟೆಗೆ 1,440 ನಿಮಿಷ. 360ರಿಂದ ಭಾಗಿಸಿದರೆ ಒಂದು ಗೆರೆಗೆ 4 ನಿಮಿಷ. ಮಂಗಳೂರು ಇರುವುದು 75ನೇ ಗೆರೆಯ ಹತ್ತಿರ. ದುಬೈ 55ನೇ ಗೆರೆಯ ಹತ್ತಿರ. ನಡುವೆ 20 ಗೆರೆ. ನಾಲ್ಕರಿಂದ ಗುಣಿಸಿದರೆ 80 ನಿಮಿಷ.

ಆದರೆ ಒಂದೂವರೆ ಗಂಟೆ ಅಂದರೆ 90 ನಿಮಿಷ. ಹತ್ತು ನಿಮಿಷ ಎಲ್ಲಿಂದ ಬಂತು? ಜಾಣರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಊರಿಗೊಂದು ಗಡಿಯಾರ ಇಟ್ಟರೆ ರೈಲು ಓಡಿಸುವುದು ಹೇಗೆ? ಆದ್ದರಿಂದ ಇಡೀ ದೇಶಕ್ಕೆ ಒಂದು ಗೆರೆ ಹಿಡಿಯುತ್ತಾರೆ. ನಮ್ಮ ದೇಶದ ಗಡಿಯಾರ ಎಂಬತ್ತೆರಡೂವರೆ ಗೆರೆಯದು. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುತ್ತದೆ. ದುಬೈ ಇರುವ ದೇಶದವರು ಹಿಡಿದದ್ದು 60ನೇ ಗೆರೆ. ನಡುವೆ ಇಪ್ಪತ್ತೆರಡೂವರೆ ಗೆರೆ. ನಾಲ್ಕರಿಂದ ಗುಣಿಸಿ. 90 ನಿಮಿಷ!

ಇದನ್ನು ನಿಮ್ಮ ಅಂಗಳದಲ್ಲೇ ನೋಡಬಹುದು. ಒಂದು ಕೋಲು ನೆಟ್ಟಗೆ ನೆಡಿ. ಅದರ ನೆರಳು ಅತಿ ಗಿಡ್ಡ ಆಗುವ ಹೊತ್ತೇ ಸೂರ್ಯನ ಮಧ್ಯಾಹ್ನ. ನಮ್ಮ ಕಡೆ ಅದು 12 ಗಂಟೆಗೆ ಬರುವುದಿಲ್ಲ, ಹನ್ನೆರಡೂವರೆಯ ಆಸುಪಾಸಿನಲ್ಲಿ ಬರುತ್ತದೆ. ಗಡಿಯಾರ ಮಿರ್ಜಾಪುರದ್ದು, ಸೂರ್ಯ ನಮ್ಮೂರಿನವನು!

ಫೋನು ಮಾಡುವಾಗಲೂ ಇದು ನೆನಪಿರಲಿ. ನಾವು ದೋಸೆ ಹುಯ್ಯುವ ಹೊತ್ತಿಗೆ ಫೋನು ಮಾಡಿದರೆ ಅಲ್ಲಿ ಮಗ ಇನ್ನೂ ನಿದ್ದೆಯಲ್ಲಿ ಇರುತ್ತಾನೆ. ರಾತ್ರಿ ಪಾಳಿ ಮುಗಿಸಿ ಮಲಗಿದವನಾದರೆ ಮತ್ತೂ ಕಷ್ಟ. ಮಸ್ಕತ್ ಇರುವ ಓಮಾನಿಗೂ ಇದೇ ಒಂದೂವರೆ ಗಂಟೆ. ಸೌದಿ, ಕುವೈತ್, ಕತಾರ್, ಬಹರೈನ್‌ಗಳಿಗೆ ಎರಡೂವರೆ ಗಂಟೆ ಹಿಂದೆ.

ಸಂಜೆ ಹೊತ್ತು ದುಬೈಗೆ ಹಾರುವವರಿಗೆ ಒಂದು ವಿಚಿತ್ರ ಕಾಣುತ್ತದೆ. ಸೂರ್ಯ ಬೇಗ ಮುಳುಗುವುದಿಲ್ಲ. ವಿಮಾನ ಸೂರ್ಯನ ಹಿಂದೆಯೇ ಓಡುತ್ತಾ ಇರುತ್ತದಲ್ಲ! ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿದು ಹೊರಟ ಅಕ್ಕಂದಿರಿಗೆ ಅಂದು ಇಫ್ತಾರ್ ಹೊತ್ತು ತಡವಾಗಿ ಬರುತ್ತದೆ. ಬರುವಾಗ ತಿರುಗಾ. ಬೆಳಕು ಬೇಗ ಹರಿಯುತ್ತದೆ.

ನಡುರಾತ್ರಿಯ ತಾರೀಕು

ಇದನ್ನು ನಿಧಾನವಾಗಿ ಓದಿ. ಬೇಕಾದರೆ ಎರಡು ಸಲ ಓದಿ.

ಟಿಕೆಟಿನಲ್ಲಿ ಬೆಳಿಗ್ಗೆ, ಸಂಜೆ ಎಂದು ಬರೆಯುವುದು ಕಡಿಮೆ. 24 ಗಂಟೆಯ ಲೆಕ್ಕ ಬರೆಯುತ್ತಾರೆ. ಮಧ್ಯಾಹ್ನ 1 ಗಂಟೆ ಅಂದರೆ 13:00. ರಾತ್ರಿ 8 ಗಂಟೆ ಅಂದರೆ 20:00. 12ಕ್ಕಿಂತ ದೊಡ್ಡ ಅಂಕೆ ಕಂಡರೆ ಅದರಿಂದ 12 ಕಳೆಯಿರಿ. 22:30ರಿಂದ 12 ಕಳೆದರೆ ರಾತ್ರಿ 10:30. ಇಷ್ಟು ಸುಲಭ.

ಕಷ್ಟ ಇರುವುದು ಸೊನ್ನೆಯಲ್ಲಿ. ನಡುರಾತ್ರಿ 12 ಗಂಟೆಯನ್ನು 00:00 ಎಂದು ಬರೆಯುತ್ತಾರೆ. ಅಲ್ಲಿಗೆ ತಾರೀಕು ಬದಲಾಯಿತು. ನಮ್ಮ ಹಿರಿಯರ ಲೆಕ್ಕದಲ್ಲಿ ಸೂರ್ಯ ಹುಟ್ಟಿದ ಮೇಲೆ ಹೊಸ ದಿನ. ಟಿಕೆಟಿನ ಲೆಕ್ಕದಲ್ಲಿ ನಡುರಾತ್ರಿಗೇ ಹೊಸ ದಿನ.

ನಮಗೆ ಗೊತ್ತಿರುವ ಒಬ್ಬ ತಾಯಿ ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದರು. ಟಿಕೆಟಿನಲ್ಲಿ 15ನೇ ತಾರೀಕು, 00:40 ಎಂದಿತ್ತು. ಕಾಲೇಜು ಓದಿದ ಮಗನೇ ಓದಿ ಹೇಳಿದ್ದ. ಟಿಕೆಟು ಮಾಡಿಸಿ ಕೊಟ್ಟವರು ಬಿಡಿಸಿ ಹೇಳಲಿಲ್ಲ. 15ನೇ ತಾರೀಕು ರಾತ್ರಿ ಊಟ ಮಾಡಿ, ಲೇಹ್ಯದ ಡಬ್ಬಿ, ಮಗುವಿನ ಬಟ್ಟೆ ಎಲ್ಲ ಕಟ್ಟಿಕೊಂಡು ನಿಲ್ದಾಣಕ್ಕೆ ಹೋದರು. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. 14ನೇ ತಾರೀಕು ರಾತ್ರಿ ಮನೆ ಬಿಡಬೇಕಿತ್ತು. 12 ಗಂಟೆ ಕಳೆದು 40 ನಿಮಿಷಕ್ಕೆ 15ನೇ ತಾರೀಕು ಆಗಿತ್ತು. ಟಿಕೆಟಿನ ಹಣ ಹೋಯಿತು. ಹೊಸ ಟಿಕೆಟಿಗೆ ಹಣ ಹೊಂದಿಸಿ ಹೊರಡುವಾಗ ನಾಲ್ಕು ದಿನ. ಅಷ್ಟರಲ್ಲಿ ಅಲ್ಲಿ ಮಗು ಹುಟ್ಟಿಯೂ ಆಗಿತ್ತು. ಮಗಳ ಹತ್ತಿರ ಮನೆಯವರು ಯಾರೂ ಇರಲಿಲ್ಲ.

ಆದ್ದರಿಂದ ಸೊನ್ನೆಯಿಂದ ಶುರುವಾಗುವ ಹೊತ್ತು ಕಂಡರೆ ಕೂಡಲೇ ಎಚ್ಚರ. 00:40, 01:15, 02:30 ಇವೆಲ್ಲ ನಡುರಾತ್ರಿ ಕಳೆದ ಹೊತ್ತು. ಟಿಕೆಟಿನ ತಾರೀಕಿಗೆ ಮೊದಲಿನ ರಾತ್ರಿಯೇ ನಿಲ್ದಾಣದಲ್ಲಿ ಇರಬೇಕು. ಟಿಕೆಟಿನ ಮೇಲೆ ಪೆನ್ನಿನಿಂದ ‘14ನೇ ತಾರೀಕು ರಾತ್ರಿ ಹೊರಡುವುದು’ ಎಂದು ನಿಮ್ಮ ಕೈಯಿಂದಲೇ ಬರೆದಿಡಿ. ಇನ್ನೊಂದು ಗುರುತು ಉಂಟು. ಮುಟ್ಟುವ ಹೊತ್ತಿನ ಪಕ್ಕದಲ್ಲಿ +1 ಎಂದು ಸಣ್ಣದಾಗಿ ಇದ್ದರೆ, ಮುಟ್ಟುವುದು ಮರುದಿನ ಎಂದು ಅರ್ಥ. ಗಂಡನನ್ನು ಕರೆದುಕೊಂಡು ಬರಲು ಹೋಗುವವರು ಅದನ್ನು ನೋಡಬೇಕು. ಇಲ್ಲದಿದ್ದರೆ ಒಂದು ದಿನ ಮೊದಲೇ ಹೋಗಿ ಕಾಯುವಂತಾಗುತ್ತದೆ.

ಮನೆಯಿಂದ ಮನೆಗೆ

ನಾಲ್ಕು ಗಂಟೆಯ ಪ್ರಯಾಣ ಎಂದು ಹೇಳುತ್ತೇವೆ. ಆದರೆ ಬೆಳ್ತಂಗಡಿಯ ಒಂದು ಮನೆಯಿಂದ ಹೊರಟವರ ಲೆಕ್ಕ ಬೇರೆ. ಬಜಪೆಗೆ ಹೋಗಲು ಎರಡು ಗಂಟೆ. ಪರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಪೆಟ್ಟಿಗೆ ತೂಗಬೇಕು. ಪಾಸ್‌ಪೋರ್ಟು, ವೀಸಾ ತೋರಿಸಬೇಕು. ಮೈ ತಪಾಸಣೆ ಆಗಬೇಕು. ಪೆಟ್ಟಿಗೆ ತೆಗೆದುಕೊಳ್ಳುವ ಕೌಂಟರನ್ನು ಸಾಮಾನ್ಯವಾಗಿ ವಿಮಾನ ಬಿಡುವುದಕ್ಕಿಂತ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ಆಮೇಲೆ ಬಂದು ಅತ್ತರೂ ಬಿಡುವುದಿಲ್ಲ. ಹಾರುವುದು ನಾಲ್ಕು ಗಂಟೆ. ಅಲ್ಲಿ ಇಳಿದು ಮತ್ತೆ ಸಾಲು, ಮತ್ತೆ ಪೆಟ್ಟಿಗೆಗೆ ಕಾಯುವುದು, ಒಂದು ಗಂಟೆ. ಕೂಡಿಸಿದರೆ ಹತ್ತು ಗಂಟೆ. ಹಾರುವುದಕ್ಕಿಂತ ಕಾಯುವುದೇ ಹೆಚ್ಚು.

ಆದರೂ ಹಿಂದಿನವರ ಕಷ್ಟದ ಮುಂದೆ ಇದು ಏನೂ ಅಲ್ಲ. ಆಗ ಮುಂಬಯಿಗೆ ಹೋಗಿ ಹಡಗು ಹತ್ತಬೇಕಿತ್ತು. ‘ದ್ವಾರಕಾ’ ಎಂಬ ಹಡಗು 1982ರವರೆಗೂ ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಓಡುತ್ತಿತ್ತು. ಸಮುದ್ರದಲ್ಲಿ ದಿನಗಟ್ಟಲೆ ಇರಬೇಕು. ಆಮೇಲೆ ವಿಮಾನ ಬಂತು. ಅದೂ ಮುಂಬಯಿಯಿಂದ. ಮಂಗಳೂರಿನಿಂದ ಬಸ್ಸಿನಲ್ಲಿ ಇಡೀ ರಾತ್ರಿ, ಮತ್ತೆ ಹಗಲು ಕುಳಿತು ಮುಂಬಯಿ ಸೇರಬೇಕು. ಬಜಪೆಯಲ್ಲಿ ವಿಮಾನ ನಿಲ್ದಾಣ 1951ರಲ್ಲೇ ಶುರುವಾಗಿತ್ತು. ಆದರೆ ರನ್‌ವೇ ಗಿಡ್ಡ. ರನ್‌ವೇ ಅಂದರೆ ವಿಮಾನ ಓಡುವ ರಸ್ತೆ. 2006ರಲ್ಲಿ ಉದ್ದದ ಹೊಸ ರನ್‌ವೇ ಆಯಿತು. ಅದೇ ವರ್ಷ ದುಬೈಗೆ ನೇರ ವಿಮಾನ ಶುರುವಾಯಿತು.

ಆ ಹೊಸ ರನ್‌ವೇ ಉದ್ದ 2,450 ಮೀಟರ್. ದುಬೈ ದೂರ 2,450 ಕಿಲೋಮೀಟರ್. ಅಂಕೆ ಒಂದೇ, ಅಳತೆ ಬೇರೆ. ನೆನಪಿಡಲು ಸುಲಭ.

ತಡವಾದರೆ

ರನ್‌ವೇ ಮಾತು ಬಂದಾಗ ಆ ದಿನದ ನೆನಪು ಬಾರದೆ ಇರುವುದಿಲ್ಲ. 2010ನೇ ಇಸವಿ ಮೇ 22. ದುಬೈಯಿಂದ ಬಂದ ವಿಮಾನ ಬೆಳಗಿನ ಹೊತ್ತು ನಮ್ಮ ಗುಡ್ಡದ ಮೇಲಿನ ರನ್‌ವೇಯಲ್ಲಿ ನಿಲ್ಲದೆ ಕೆಳಗೆ ಬಿತ್ತು. ಒಳಗೆ ಇದ್ದವರು 166 ಜನ. 158 ಜನ ಸತ್ತರು. 8 ಜನ ಉಳಿದರು. ನಮ್ಮ ಜಿಲ್ಲೆಯಲ್ಲಿ, ಉಡುಪಿಯಲ್ಲಿ, ಕಾಸರಗೋಡಿನಲ್ಲಿ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಮುಗಿದಿಲ್ಲ.

ಏನಾಯಿತು ಎಂದು ಸರಕಾರ ತನಿಖೆ ಮಾಡಿಸಿತು. ಇಳಿಯುವಾಗ ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಇತ್ತು. ವೇಗವೂ ಹೆಚ್ಚಿತ್ತು. ರನ್‌ವೇಯ ಅರ್ಧ ದಾಟಿದ ಮೇಲೆ ಅದು ನೆಲ ಮುಟ್ಟಿತು. ಮತ್ತೆ ಮೇಲೇರಿ ಸುತ್ತಿ ಬರೋಣ ಎಂದು ಜೊತೆಯ ಪೈಲಟ್ ಹೇಳಿದ್ದರು. ಅದು ಆಗಲಿಲ್ಲ. ಸುತ್ತಿ ಬಂದಿದ್ದರೆ ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ ತಡ ಆಗುತ್ತಿತ್ತು.

ಇದನ್ನು ಹೆದರಿಸಲು ಹೇಳುವುದಲ್ಲ. ವಿಮಾನ ಇಳಿಯಲು ಹೋಗಿ ಮತ್ತೆ ಮೇಲೇರಿದರೆ ಒಳಗೆ ಕುಳಿತವರು ‘ಅಯ್ಯೋ, ಏನೋ ಆಯಿತು’ ಎಂದು ಗಾಬರಿ ಆಗುತ್ತಾರೆ. ಗಾಬರಿ ಬೇಡ. ಅದು ಕಲಿಸಿ ಕೊಟ್ಟ ಕ್ರಮ. ಮಳೆಗಾಲದಲ್ಲಿ ಬಜಪೆಯ ಗುಡ್ಡಕ್ಕೆ ಮೋಡ ಮುಸುಕುತ್ತದೆ. ರನ್‌ವೇ ಕಾಣುವುದಿಲ್ಲ. ಆಗ ಮೇಲೆಯೇ ಸುತ್ತು ಹಾಕಿ ಕಾಯುತ್ತಾರೆ. ಮಳೆ ಬಿಡದಿದ್ದರೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗಿ ಇಳಿಯುತ್ತಾರೆ. ಜೂನ್, ಜುಲೈ ತಿಂಗಳಲ್ಲಿ ಊರಿಗೆ ಬರುವವರನ್ನು ಕಾಯುವಾಗ ಇದು ಗೊತ್ತಿರಬೇಕು. ನಿಲ್ದಾಣದ ಹಲಗೆಯಲ್ಲಿ ‘ತಡ’ ಎಂದು ಕಂಡರೆ ಕ್ಯಾಂಟೀನಿನಲ್ಲಿ ಒಂದು ಚಾ ಕುಡಿದು ಕುಳಿತುಕೊಳ್ಳಿ.

ಈಗ ಒಂದು ಲೆಕ್ಕ. ಸ್ಲೇಟು ಅಥವಾ ಪುಸ್ತಕ ತೆಗೆದುಕೊಳ್ಳಿ.

ದುಬೈಯಿಂದ ಬಿಡುವುದು 20ನೇ ತಾರೀಕು, 00:45. ಮಂಗಳೂರು ಮುಟ್ಟುವುದು 20ನೇ ತಾರೀಕು, 05:50.

ಮಗ ದುಬೈಯ ಕೋಣೆಯಿಂದ ಯಾವ ತಾರೀಕಿನ ರಾತ್ರಿ ಹೊರಡಬೇಕು? ಅವನು ಆಕಾಶದಲ್ಲಿ ಇರುವುದು ಎಷ್ಟು ಹೊತ್ತು? ವಿಮಾನ ದುಬೈ ಬಿಡುವಾಗ ನಿಮ್ಮ ಮನೆಯ ಗಡಿಯಾರದಲ್ಲಿ ಎಷ್ಟು ಗಂಟೆ? ಅವನನ್ನು ಕರೆತರಲು ನೀವು ಮನೆಯಿಂದ ಎಷ್ಟು ಗಂಟೆಗೆ ಹೊರಡಬೇಕು? ಕೊನೆಯದರ ಉತ್ತರ ಒಬ್ಬೊಬ್ಬರದು ಒಂದೊಂದು ಬರುತ್ತದೆ. ಉಳಿದ ಮೂರಕ್ಕೆ ಉತ್ತರ: 19ನೇ ತಾರೀಕಿನ ರಾತ್ರಿ, 3 ಗಂಟೆ 35 ನಿಮಿಷ, ನಡುರಾತ್ರಿ ಕಳೆದು 2 ಗಂಟೆ 15 ನಿಮಿಷ.